ಹಳೇ ಉಣ್ಣೆ ಸ್ವೆಟರ್‌ಗಳಿಂದ ಉಡುಗೊರೆ: ಎಲ್ಲಿಂದ ಕತ್ತರಿ ಹಾಕಲಿ?

ಗುಂಡಿಡಬ್ಬಿ:

ಎಲ್ಲರಿಗೂ ನಮಸ್ಕಾರ. ಬೀರು ಖಾಲಿ ಮಾಡುವಾಗ ಒಂದು ಮೂಟೆ ಉಣ್ಣೆ ಬಟ್ಟೆ ಸಿಕ್ಕಿದೆ. ಅಪ್ಪನ ತೋಳಿಲ್ಲದ ಕಂದು ಸ್ವೆಟರ್, ಮುಂದೆ ಗುಂಡಿ ಇರುವ ಬೂದು ಕಾರ್ಡಿಗನ್, ಅಮ್ಮ ಕೈಯಲ್ಲೇ ಹೆಣೆದ ಕೆಂಪು ಸ್ವೆಟರ್, ಯಾರದೆಂದೇ ಗೊತ್ತಿಲ್ಲದ ಹಸಿರು ಹೈನೆಕ್, ಒಂದು ಮಫ್ಲರ್. ಕಾರ್ಡಿಗನ್ನಿನ ಮೊಣಕೈ ಹತ್ತಿರ ಹುಳ ತಿಂದ ತೂತುಗಳಿವೆ. ಹಸಿರು ಹೈನೆಕ್ ಯಾವಾಗಲೋ ವಾಷಿಂಗ್ ಮೆಷಿನ್ ಪಾಲಾಗಿ ಚಿಕ್ಕ ಮಕ್ಕಳ ಸೈಜಿಗೆ ಬಂದಿದೆ. ಮುಟ್ಟಿದರೆ ದಪ್ಪ, ಗಟ್ಟಿ. ಎಸೆಯಲು ಮನಸ್ಸು ಬರ್ತಿಲ್ಲ, ಹಾಕಿಕೊಳ್ಳುವವರೂ ಇಲ್ಲ.

ಇವುಗಳಲ್ಲೇ ಈ ಸಲದ ಉಡುಗೊರೆಗಳನ್ನು ಮಾಡಿ ಮುಗಿಸೋಣ ಅಂತ ಆಸೆ. ಅತ್ತೆಗೆ ಬಿಸಿನೀರಿನ ಚೀಲಕ್ಕೆ ಕವರ್, ಅಕ್ಕನ ಇಬ್ಬರು ಮಕ್ಕಳಿಗೆ ಗೊಂಬೆ (ದೊಡ್ಡವಳಿಗೆ ಐದು ವರ್ಷ, ಚಿಕ್ಕವನು ಇನ್ನೂ ಅಂಬೆಗಾಲು), ಆಫೀಸಿನ ಗೆಳತಿಗೆ ಕೈಗವಸು. ಮನೆಯಲ್ಲಿ ಹೊಲಿಗೆ ಮೆಷಿನ್ ಇದೆ, ನೇರ ಹೊಲಿಗೆ ಚೆನ್ನಾಗಿ ಬರುತ್ತೆ. ಹೆಣಿಗೆ ಬರಲ್ಲ.

ಹೆದರಿಕೆ ಒಂದೇ. ಹೆಣೆದ ಬಟ್ಟೆಗೆ ಕತ್ತರಿ ಹಾಕಿದರೆ ಎಳೆ ಬಿಚ್ಚಿಕೊಂಡು ಹೋಗಲ್ವಾ? ಇವೆಲ್ಲ ನಿಜವಾದ ಉಣ್ಣೆಯೇ ಅಂತ ತಿಳಿಯೋದು ಹೇಗೆ? ಎರಡಕ್ಕೆ ಲೇಬಲ್ಲೇ ಇಲ್ಲ.

ಸೂಜಿದಾರ:

ರಿಪೇರಿ ಹೊಲಿಗೆ ನನ್ನ ಕಸುಬು. ಹಳೇ ಸ್ವೆಟರ್‌ಗಳು ನನ್ನ ಮೇಜಿನ ಮೇಲೆ ಸದಾ ಬಿದ್ದಿರುತ್ತವೆ. ಅದಕ್ಕೇ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಆ ಉಡುಗೊರೆ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ಯಾವ ಬಟ್ಟೆ ಏನಾಗಲು ಒಪ್ಪುತ್ತದೆ ಅಂತ ತಿಳಿದ ಮೇಲೆ ಯಾರಿಗೆ ಏನು ಅಂತ ಕೂತು ಯೋಚಿಸಬಹುದು. ಪಟ್ಟಿ ಹಿಡಿದು ಹೊರಟವರು ಕೈಗವಸಿಗೆ ಆಗದ ಬಟ್ಟೆಯಲ್ಲಿ ಕೈಗವಸು ಹೊಲಿದು, ಅದು ಜೋಲು ಬಿದ್ದ ಮೇಲೆ ನನ್ನ ಹತ್ತಿರ ತರುತ್ತಾರೆ.

ನಿಮ್ಮ ಹಸಿರು ಹೈನೆಕ್‌ಗೆ ಆಗಿರುವುದನ್ನೇ ನಾವು ಬೇಕಂತಲೇ ಮಾಡುತ್ತೇವೆ. ಅದಕ್ಕೆ ಫೆಲ್ಟ್ ಮಾಡೋದು ಅಂತಾರೆ. ಉಣ್ಣೆ ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಸೂಕ್ಷ್ಮವಾದ ಪದರಗಳಿರುತ್ತವೆ, ಬರಿಗಣ್ಣಿಗೆ ಕಾಣಲ್ಲ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಎಳೆಗಳು ಒಂದರೊಳಗೊಂದು ನುಗ್ಗುತ್ತವೆ. ಪದರಗಳ ಅಂಚು ಒಂದೇ ದಿಕ್ಕಿಗೆ ಇರುವುದರಿಂದ ಒಳಗೆ ಹೋದ ಎಳೆ ವಾಪಸ್ ಬರಲು ಆಗಲ್ಲ. ಬಟ್ಟೆ ಚಿಕ್ಕದಾಗುತ್ತದೆ, ದಪ್ಪಗಾಗುತ್ತದೆ. ಚೆನ್ನಾಗಿ ಫೆಲ್ಟ್ ಆದ ಬಟ್ಟೆಯನ್ನು ಹೇಗೆ ಬೇಕಾದರೂ ಕತ್ತರಿಸಿ, ಒಂದು ಎಳೆಯೂ ಬಿಚ್ಚಲ್ಲ. ಅಂಚು ಮಡಚುವ ಕೆಲಸವೂ ಇಲ್ಲ. ನಿಮ್ಮ ಹೆದರಿಕೆಗೆ ಉತ್ತರ ಅದು.

ಆದರೆ ಎಲ್ಲವೂ ಫೆಲ್ಟ್ ಆಗಲ್ಲ. ಅಕ್ರಿಲಿಕ್ ಅನ್ನೋ ಕೃತಕ ನೂಲನ್ನು ಎಷ್ಟು ಕುದಿಸಿದರೂ ಆಗಲ್ಲ. ಮಿಶ್ರಣವಾದರೆ ಉಣ್ಣೆಯ ಪಾಲು ಜಾಸ್ತಿ ಇರಬೇಕು, 80 ಪರ್ಸೆಂಟ್‌ಗಿಂತ ಕಮ್ಮಿ ಇದ್ದರೆ ನಾನು ಗ್ಯಾರಂಟಿ ಕೊಡಲ್ಲ. ಇನ್ನೊಂದು ಜಾತಿ ಇದೆ: ನೂರಕ್ಕೆ ನೂರು ಉಣ್ಣೆ, ಆದರೂ ಲೇಬಲ್ಲಿನಲ್ಲಿ ಮೆಷಿನ್ ವಾಷ್ ಅಥವಾ ಸೂಪರ್‌ವಾಷ್ ಅಂತ ಬರೆದಿರುತ್ತದೆ. ಅದರ ಎಳೆಗೆ ಕಾರ್ಖಾನೆಯಲ್ಲೇ ಕ್ಲೋರಿನ್ ಹಾಕಿ ಪದರದ ಅಂಚನ್ನು ಸವೆಸಿ, ಮೇಲೆ ತೆಳ್ಳಗೆ ರಾಳ ಬಳಿದಿರುತ್ತಾರೆ. ಒಗೆದರೆ ಕುಗ್ಗದಿರಲಿ ಅಂತಲೇ ಮಾಡಿದ್ದು, ನಮ್ಮ ಮಾತನ್ನು ಅದು ಕೇಳಲ್ಲ. ಕೈಯಲ್ಲೇ ಒಗೆಯಿರಿ, ಡ್ರೈಕ್ಲೀನ್ ಮಾಡಿಸಿ ಅಂತ ಲೇಬಲ್ಲು ಹೆದರಿಸುತ್ತಿದ್ದರೆ ಖುಷಿಪಡಿ, ಅದು ನಮಗೆ ಬೇಕಾದ ಮಾಲು.

ಲೇಬಲ್ ಇಲ್ಲದ್ದಕ್ಕೆ ಬೆಂಕಿ ಪರೀಕ್ಷೆ. ಒಳಗಿನ ಹೊಲಿಗೆ ಹತ್ತಿರ ಒಂದೆರಡು ಇಂಚು ಎಳೆ ಕತ್ತರಿಸಿಕೊಳ್ಳಿ. ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಮೋಂಬತ್ತಿಗೆ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಜ್ವಾಲೆಯಿಂದ ಆಚೆ ತೆಗೆದರೆ ಸಾಮಾನ್ಯವಾಗಿ ತಾನೇ ಆರಿಹೋಗುತ್ತದೆ. ಉಳಿದ ಕರಿ ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಹಾಗಲ್ಲ. ಬೇಗ ಹತ್ತಿಕೊಳ್ಳುತ್ತದೆ, ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ಗಟ್ಟಿ ಮಣಿ ಉಳಿಯುತ್ತದೆ. ಕರಗಿದ ತೊಟ್ಟು ಚರ್ಮಕ್ಕೆ ಬಿದ್ದರೆ ಕಷ್ಟ, ಮಕ್ಕಳನ್ನು ದೂರ ಇಡಿ.

ಮಿಶ್ರಣ ಇರಬಹುದು ಅಂತ ಅನುಮಾನ ಬಂದರೆ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಇದೆಯಲ್ಲ, ಅದನ್ನು ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದುಕೊಂಡು ಒಂದು ತುಣುಕು ಮುಳುಗಿಸಿ ಬಿಡಿ. ಉಣ್ಣೆ ಕರಗಿ ಮಾಯವಾಗುತ್ತದೆ. ಅಕ್ರಿಲಿಕ್, ಹತ್ತಿ ಹಾಗೇ ಉಳಿಯುತ್ತವೆ. ಏನು ಉಳಿಯಿತು ಅನ್ನೋದರಲ್ಲೇ ಉತ್ತರ ಇದೆ. ಕಿಟಕಿ ತೆಗೆದಿಡಿ. ಆ ಬ್ಲೀಚಿಗೆ ವಿನಿಗರ್, ಟಾಯ್ಲೆಟ್ ಆಸಿಡ್ ಏನನ್ನೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಇದಿಷ್ಟು ಮಾಡಿ ಬಂದು ಹೇಳಿ. ಅಲ್ಲಿಯವರೆಗೆ ಕತ್ತರಿ ಡ್ರಾಯರ್‌ನಲ್ಲೇ ಇರಲಿ.

ಬೇಸರದಬೆಕ್ಕು:

ಸುಮ್ನೆ ಕೇಳ್ತೀನಿ, ತಪ್ಪು ತಿಳಿಯಬೇಡಿ. ಹುಳ ತಿಂದ ಹಳೇ ಸ್ವೆಟರ್ ಕತ್ತರಿಸಿ ಕೊಟ್ಟರೆ ಅದು ಉಡುಗೊರೆ ಅನ್ನಿಸುತ್ತಾ? ತಗೊಂಡವರು ಎದುರಿಗೆ ಚೆನ್ನಾಗಿದೆ ಅಂತಾರೆ. ಆಮೇಲೆ?

ಎಳೆಬಿಚ್ಚು:

ಕೆಟ್ಟದಾಗಿ ಮಾಡಿದರೆ ಅನ್ನಿಸಲ್ಲ, ಒಪ್ತೀನಿ. ಹಳೇ ಉಣ್ಣೆಗೆ ಮರುಜನ್ಮ ಕೊಡೋದೇನೂ ಹೊಸ ಸಂಗತಿ ಅಲ್ಲ ಸಾರ್. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬ್ಯಾಟ್ಲಿ ಊರಿನ ಬೆಂಜಮಿನ್ ಲಾ 1813ರ ಸುಮಾರಿಗೇ ಉಣ್ಣೆಯ ಚಿಂದಿಯನ್ನು ಹರಿದು, ಹೊಸ ಉಣ್ಣೆ ಜೊತೆ ಬೆರೆಸಿ ನೂಲು ತೆಗೆದ. ಆ ಸುತ್ತಲಿನ ಊರುಗಳೆಲ್ಲ ಅದರ ಮೇಲೇ ಬೆಳೆದವು. ಇಟಲಿಯ ಪ್ರಾಟೊದಲ್ಲಿ ಇವತ್ತಿಗೂ ಅದೇ ವ್ಯಾಪಾರ. ಅಂಗಡಿಯಲ್ಲಿ ಹೊಸದು ಅಂತ ಕೊಂಡ ಉಣ್ಣೆ ಕೋಟಿನಲ್ಲೂ ಹಳೇ ಸ್ವೆಟರ್ ಪಾಲು ಇದ್ದೀತು, ಯಾರಿಗೆ ಗೊತ್ತು.

ಈಗ ನನ್ನ ಮುಖ್ಯ ತಕರಾರು. ಗುಂಡಿಡಬ್ಬಿ ಅವರೇ, ಬೆಂಕಿ ಪರೀಕ್ಷೆ ಆದ ತಕ್ಷಣ ಎಲ್ಲವನ್ನೂ ಬಿಸಿನೀರಿಗೆ ಹಾಕಬೇಡಿ. ಫೆಲ್ಟ್ ಆದದ್ದು ಮತ್ತೆ ನೂಲಾಗಲ್ಲ. ಬಿಚ್ಚಿ ಉಂಡೆ ಮಾಡಬಹುದಾದ ಸ್ವೆಟರನ್ನು ಕುಗ್ಗಿಸಿಬಿಟ್ಟರೆ ಹೊಟ್ಟೆ ಉರಿಯುತ್ತೆ ನನಗೆ.

ಬಿಚ್ಚಲು ಬರುತ್ತಾ ಅಂತ ಒಳಮಗ್ಗುಲು ತಿರುಗಿಸಿದರೆ ಗೊತ್ತಾಗುತ್ತೆ. ಪಕ್ಕದ ಹೊಲಿಗೆ ಓವರ್‌ಲಾಕ್ ಆಗಿದೆಯಾ, ಟೀ ಶರ್ಟಿಗೆ ಇರುವ ಥರ ಅಂಚನ್ನು ಕತ್ತರಿಸಿ ದಾರ ಸುತ್ತಿದ್ದಾರಾ? ಹಾಗಿದ್ದರೆ ಬಿಟ್ಟುಬಿಡಿ. ಪ್ರತಿ ಸಾಲಿನ ಕೊನೆಯಲ್ಲೂ ನೂಲು ತುಂಡಾಗಿದೆ, ಬಿಚ್ಚಿದರೆ ಬರೀ ತುಂಡುಗಳೇ. ಎರಡು ಭಾಗಗಳ ಅಂಚೂ ಪೂರ್ತಿ ಇದ್ದು, ಅವೆರಡನ್ನೂ ಒಂದೇ ನೂಲಿನ ಸರಪಳಿ ಹೊಲಿಗೆ ಸೇರಿಸಿದ್ದರೆ ಲಾಟರಿ. ಆ ಸರಪಳಿಯ ಸರಿಯಾದ ತುದಿ ಸಿಕ್ಕರೆ ಸರ್ ಅಂತ ಬಂದುಬಿಡುತ್ತೆ.

ಭಾಗಗಳು ಬೇರೆಯಾದ ಮೇಲೆ, ಎಲ್ಲಿ ಹೆಣಿಗೆ ಮುಗಿಸಿದ್ದಾರೋ ಅಲ್ಲಿಂದ ಶುರು. ಸಾಮಾನ್ಯವಾಗಿ ಅದು ಕುತ್ತಿಗೆ, ಭುಜದ ಕಡೆ ಇರುತ್ತೆ. ಎಳೆಯುತ್ತಾ ಕುರ್ಚಿಯ ಬೆನ್ನಿಗೆ ಸುತ್ತಿಕೊಳ್ಳಿ. ನಾಲ್ಕು ಕಡೆ ಸಡಿಲವಾಗಿ ಕಟ್ಟಿ ಲಡಿ ಮಾಡಿ. ಆಗ ನೂಲು ನೂಡಲ್ಸ್ ಆಗಿರುತ್ತೆ, ಗಾಬರಿ ಬೇಡ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಉಜ್ಜದೆ, ಹಿಂಡದೆ, ಟವೆಲ್ಲಿನಲ್ಲಿ ಒತ್ತಿ ನೇತುಹಾಕಿ. ಒಣಗುವ ಹೊತ್ತಿಗೆ ಸುರುಳಿ ಬಹುಪಾಲು ಹೋಗಿರುತ್ತೆ. ಅಂಗೋರಾ, ಮೊಹೇರ್ ಥರ ಜಾಸ್ತಿ ಕೂದಲಿರುವುದನ್ನು ಮಾತ್ರ ಮುಟ್ಟಬೇಡಿ. ಸಾಲು ಸಾಲಿಗೂ ಸಿಕ್ಕಿಕೊಂಡು ತಾಳ್ಮೆ ಪರೀಕ್ಷೆ ಮಾಡುತ್ತೆ.

ಅಮ್ಮ ಹೆಣೆದ ಕೆಂಪು ಸ್ವೆಟರ್ ಇದೆಯಲ್ಲ, ಅದು ಬಿಚ್ಚುವ ಮಾಲು. ಕೈಹೆಣಿಗೆಯವರು ಅಂಚು ಕತ್ತರಿಸುವುದಿಲ್ಲ.

ಸೂಜಿದಾರ:

ಎಳೆಬಿಚ್ಚು ಹೇಳಿದ್ದು ಸರಿ, ಮೊದಲು ಒಳಮಗ್ಗುಲು ನೋಡಿ. ಆದರೆ ಹೆಣಿಗೆ ಬರಲ್ಲ ಅಂದವರಿಗೆ ಉಂಡೆ ಕೊಟ್ಟು ಏನು ಮಾಡೋದು ಸ್ವಾಮಿ?

ಬೆಕ್ಕಿನವರೇ, ನಿಮ್ಮ ಪ್ರಶ್ನೆ ನನಗೆ ಇಷ್ಟವಾಯಿತು. ನನ್ನ ಅಳತೆಗೋಲು ಇದು: ಇದನ್ನೇ ಹೊಸ ಬಟ್ಟೆಯಲ್ಲಿ ಮಾಡಿದ್ದರೂ ಅವರು ಬಳಸುತ್ತಿದ್ದರಾ? ಬಳಸುತ್ತಿದ್ದರು ಅಂದರೆ ಹಳೇದರಲ್ಲಿ ಮಾಡಿ. ಯಾರಿಗೂ ಬೇಡದ ಮೊಬೈಲ್ ಚೀಲ, ಗೋಡೆಗೆ ನೇತುಹಾಕುವ ಹೃದಯ, ಇವನ್ನು ಹೊಸ ಬಟ್ಟೆಯಲ್ಲೂ ಮಾಡಬೇಡಿ. ಸವೆದ ಜಾಗ, ಕಲೆ, ಜುಂಗು ಎದ್ದ ಮೈ ಉಡುಗೊರೆಯಲ್ಲಿ ಕಾಣಬಾರದು. ಜುಂಗು ತೆಗೆಯಲು ಸಣ್ಣ ಶೇವರ್ ಸಿಗುತ್ತದೆ. ಕತ್ತರಿಯಿಂದಲೂ ಆಗುತ್ತದೆ, ನಿಧಾನ ಅಷ್ಟೇ.

ಇಬ್ಬನಿ:

ಮಕ್ಕಳ ವಿಷಯ ಬಂದಿದ್ದಕ್ಕೆ ಎರಡು ಮಾತು. ಅಂಬೆಗಾಲಿಡುವ ಮಗುವಿನ ಗೊಂಬೆಗೆ ಗುಂಡಿ ಕಣ್ಣು ಬೇಡವೇ ಬೇಡ. ಎಷ್ಟು ಭದ್ರವಾಗಿ ಹೊಲಿದರೂ ಬೇಡ. ಅಗಿದು ಅಗಿದು ಕಿತ್ತರೆ ನೇರ ಗಂಟಲಿಗೆ. ಮಣಿ, ಉದ್ದ ದಾರ, ರಿಬ್ಬನ್ ಕೂಡ ಬೇಡ. ಕಣ್ಣು ಬಾಯಿ ಎಲ್ಲ ದಾರದಲ್ಲೇ ಕಸೂತಿ ಮಾಡಿ.

ಎರಡನೆಯದು ನುಸಿಗುಳಿಗೆ. ಆ ಮೂಟೆಯಲ್ಲಿ ನ್ಯಾಫ್ತಲಿನ್ ಗುಳಿಗೆ ವಾಸನೆ ಇದೆಯಾ? ಇದ್ದರೆ ವಾಸನೆ ಪೂರ್ತಿ ಹೋಗುವವರೆಗೂ ಪುಟ್ಟ ಮಗುವಿನ ಹತ್ತಿರ ಆ ಬಟ್ಟೆ ತರಬೇಡಿ. ಜಿ6ಪಿಡಿ ಕೊರತೆ ಅಂತ ಒಂದು ಹುಟ್ಟುತೊಂದರೆ ಇದೆ. ಅದಿರುವ ಶಿಶುಗಳಿಗೆ ನ್ಯಾಫ್ತಲಿನ್ ಸೋಕಿದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಕೊರತೆ ಇದೆ ಅನ್ನೋದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರಲ್ಲ. ಒಗೆದು ದಿನಗಟ್ಟಲೆ ಗಾಳಿಗೆ ಹಾಕಿ.

ಹುಳ ತಿಂದ ಕಾರ್ಡಿಗನ್ ಬೇರೆ ಬಟ್ಟೆಗಳ ಜೊತೆ ಇಟ್ಟಿದ್ದೀರಾ? ಬೇರೆ ಮಾಡಿ, ಈಗಲೇ. ತಿನ್ನುವುದು ಹಾರುವ ಚಿಟ್ಟೆ ಅಲ್ಲ, ಅದರ ಮರಿಹುಳ. ಬೆವರು, ಊಟದ ಕಲೆ ಇರುವ ಉಣ್ಣೆ ಅಂದರೆ ಅದಕ್ಕೆ ಪ್ರೀತಿ. ಬಿಸಿನೀರಿಗೆ ಹಾಕುವುದಾದರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಬಿಸಿನೀರು ಆಗದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ ಚೀಲ ಪೂರ್ತಿ ರೂಮಿನ ಬಿಸಿಗೆ ಬರುವ ತನಕ ಬಿಚ್ಚಬೇಡಿ, ಬಟ್ಟೆಯ ಮೇಲೆ ನೀರು ಕೂರುತ್ತದೆ. ಉಡುಗೊರೆ ಜೊತೆ ಹುಳವನ್ನೂ ಕೊಟ್ಟು ಕಳಿಸಿದರೆ ಅತ್ತೆ ಏನಂತಾರೋ!

ಗುಂಡಿಡಬ್ಬಿ:

ಅಬ್ಬಾ, ಇಷ್ಟೊಂದು ವಿಷಯ ಇದೆ ಅಂತ ಗೊತ್ತೇ ಇರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಪರೀಕ್ಷೆ ಮುಗಿಸಿ ಬಂದೆ.

ಹಸಿರು ಹೈನೆಕ್: ಕೂದಲು ಸುಟ್ಟ ವಾಸನೆ. ಬೂದು ಕಾರ್ಡಿಗನ್: ಅದೇ ವಾಸನೆ, ಲೇಬಲ್ಲಿನಲ್ಲಿ ಲ್ಯಾಂಬ್ಸ್‌ವುಲ್, ಕೈಯಲ್ಲಿ ಒಗೆಯಿರಿ ಅಂತಿದೆ. ಮಫ್ಲರೂ ಉಣ್ಣೆಯೇ. ಅಪ್ಪನ ಕಂದು ಸ್ವೆಟರ್ ಉಣ್ಣೆ, ಆದರೆ ಮೆಷಿನ್ ವಾಷ್ ಅಂತ ಬರೆದಿದೆ. ಒಳಗಡೆ ಓವರ್‌ಲಾಕ್ ಹೊಲಿಗೆ.

ಅಮ್ಮನ ಕೆಂಪು ಸ್ವೆಟರ್ ಕರಗಿ ಮಣಿಯಾಯಿತು! ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, "ಅದು ಉಲ್ಲನ್ನೇ, ಅಂಗಡಿಯವನೇ ಹೇಳಿದ್ದ" ಅಂತ ನನ್ನ ಮೇಲೇ ರೇಗಿದರು.

ಸೂಜಿದಾರ ಅಕ್ಕ, ಮುಂದೇನು? ಫೆಲ್ಟ್ ಮಾಡೋದು ಸ್ವಲ್ಪ ಬಿಡಿಸಿ ಹೇಳ್ತೀರಾ? ಕತ್ತರಿ ಇನ್ನೂ ಡ್ರಾಯರ್‌ನಲ್ಲೇ ಇದೆ.

ಸೂಜಿದಾರ:

ಹೆಣಿಗೆಯ ಅಕ್ರಿಲಿಕ್ ನೂಲನ್ನೂ ಎಲ್ಲರೂ ಉಲ್ಲನ್ ಅಂತಲೇ ಕರೆಯುತ್ತಾರೆ, ಅಮ್ಮನದೇನೂ ತಪ್ಪಿಲ್ಲ. ಆ ಕೆಂಪನ್ನು ಬಿಚ್ಚಿ ಉಂಡೆ ಮಾಡಿ ಅಮ್ಮನಿಗೇ ವಾಪಸ್ ಕೊಡಿ. ಚಿಕ್ಕ ಮಗುವಿಗೆ ಟೋಪಿ ಹೆಣೆಯಲಿ. ಅಕ್ರಿಲಿಕ್ ಮೃದು, ಎಷ್ಟು ಒಗೆದರೂ ಕುಗ್ಗಲ್ಲ. ಒಲೆ ಹತ್ತಿರದ ವಸ್ತುಗಳಿಗೆ ಮಾತ್ರ ಬೇಡ, ಬಿಸಿ ಪಾತ್ರೆಗೆ ಕರಗಿ ಅಂಟುತ್ತದೆ.

ಕಂದು ಸ್ವೆಟರ್ ಫೆಲ್ಟೂ ಆಗಲ್ಲ, ಬಿಚ್ಚಲೂ ಬರಲ್ಲ. ಆದರೆ ನಿಮ್ಮ ಹತ್ತಿರ ಹೊಲಿಗೆ ಮೆಷಿನ್ ಇದೆ. ಅದರಲ್ಲಿ ದಿಂಬಿನ ಕವರ್ ಮಾಡಿ. ಎಲ್ಲಿ ಕತ್ತರಿಸಬೇಕೋ ಅಲ್ಲಿ ಚಾಕ್‌ಪೀಸಲ್ಲಿ ಗೆರೆ ಎಳೆದು, ಗೆರೆಯ ಒಳಬದಿಗೆ ಎರಡು ಸಾಲು ಜಿಗ್‌ಜಾಗ್ ಹಾಕಿ, ಆಮೇಲೆ ಕತ್ತರಿಸಿ. ಮೆಷಿನ್ ಬಟ್ಟೆಯನ್ನು ಎಳೆದು ಅಲೆಅಲೆ ಮಾಡುತ್ತಿದ್ದರೆ ಕೆಳಗೆ ನ್ಯೂಸ್‌ಪೇಪರ್ ಪಟ್ಟಿ ಇಟ್ಟು ಹೊಲಿಯಿರಿ, ಕೊನೆಗೆ ಹರಿದು ತೆಗೆದರಾಯಿತು. ಒಳಗಡೆ ಇಸ್ತ್ರಿ ಹಾಕಿದರೆ ಅಂಟುವ ಫ್ಯೂಸಿಂಗ್ ಬಟ್ಟೆ ಕೊಟ್ಟರೆ ಜೋಲು ಬೀಳಲ್ಲ. ಕುತ್ತಿಗೆಯ ವಿ ಆಕಾರ ಬಿಟ್ಟು ಕೆಳಗಿನ ಚೌಕ ತಗೊಳ್ಳಿ.

ಈಗ ಫೆಲ್ಟ್. ನಿಮಗೆ ಉಳಿದಿರುವುದು ಕಾರ್ಡಿಗನ್, ಮಫ್ಲರ್. ಹಸಿರು ಆಗಲೇ ಆಗಿದೆ. ಇವೆರಡನ್ನೂ ಬೇರೆಬೇರೆಯಾಗಿ ಹಾಕಿ, ಬಣ್ಣ ಬಿಟ್ಟರೆ ಒಂದಕ್ಕೊಂದು ಹತ್ತದಿರಲಿ. ಕಾರ್ಡಿಗನ್ನಿನ ತೋಳುಗಳನ್ನು ಹೊಲಿಗೆ ಗುಂಟ ಕತ್ತರಿಸಿ ಬೇರೆ ಮಾಡಿಕೊಳ್ಳಿ, ಹಾಗೇ ಬಿಟ್ಟರೆ ಕಂಕುಳಲ್ಲಿ ಸುಕ್ಕು ಕೂತುಬಿಡುತ್ತದೆ. ಗುಂಡಿ ಹಾಕಿ, ಮುಂದಿನ ಪಟ್ಟಿಯ ಎರಡು ಪದರವನ್ನೂ ಸೇರಿಸಿ ಕೈಯಲ್ಲಿ ಉದ್ದುದ್ದ ಟಾಕು ಹಾಕಿ. ಇಲ್ಲದಿದ್ದರೆ ಪಟ್ಟಿ ಬಾಯಿ ಬಿಟ್ಟುಕೊಂಡು ಕುಗ್ಗುತ್ತದೆ.

ಹಳೇ ದಿಂಬಿನ ಕವರಿಗೆ ಹಾಕಿ ಬಾಯಿ ಕಟ್ಟಿ. ಇದನ್ನು ಮರೀಬೇಡಿ. ಉದುರುವ ಉಣ್ಣೆ ಮೆಷಿನ್ನಿನ ನೀರು ಹೋಗುವ ಪಂಪಿಗೆ ಸಿಕ್ಕಿಕೊಂಡರೆ ಉಡುಗೊರೆಗಿಂತ ರಿಪೇರಿ ಖರ್ಚೇ ಜಾಸ್ತಿ. ಜೊತೆಗೆ ತಿಕ್ಕಾಟಕ್ಕೆ ಹಳೇ ಜೀನ್ಸ್ ಹಾಕಿ. ಟವೆಲ್ ಬೇಡ, ಅದರ ನಾರು ಉಣ್ಣೆಯೊಳಗೆ ಸೇರಿಕೊಂಡರೆ ಆರಿಸಲು ಆಗಲ್ಲ. 60 ಡಿಗ್ರಿ ನೀರು, ಸ್ವಲ್ಪ ಸಾದಾ ಸೋಪು. ಕಲೆ ತಿನ್ನುವ ಎಂಜೈಮ್ ಇರುವ ಪುಡಿ ಬೇಡ. ಉಣ್ಣೆ ಕೂಡ ಪ್ರೋಟೀನೇ ಅಲ್ವಾ, ಆ ಎಂಜೈಮ್ ಅದನ್ನೂ ತಿನ್ನುತ್ತದೆ. ಚಿಕ್ಕ ಸುತ್ತಿಗೇ ಇಡಿ. ಸಾಲದಿದ್ದರೆ ಮತ್ತೊಂದು ಸುತ್ತು ಹಾಕಬಹುದು, ಜಾಸ್ತಿ ಆದರೆ ಹಿಂದಕ್ಕೆ ಬರಲ್ಲ. ಲ್ಯಾಂಬ್ಸ್‌ವುಲ್ ಬೇಗ ಆಗುವ ಜಾತಿ, ಅದಕ್ಕೇ ಹೇಳಿದೆ. ಮಫ್ಲರ್ ಚಿಕ್ಕದು, ಅದನ್ನು ಟಬ್ಬಿನಲ್ಲಿ ಬಿಸಿನೀರು, ಸೋಪು ಹಾಕಿ ಕೈಯಲ್ಲೇ ತಿಕ್ಕಿದರೂ ಆಗುತ್ತದೆ. ರಬ್ಬರ್ ಗ್ಲೌಸ್ ಹಾಕ್ಕೊಳ್ಳಿ.

ಆಯಿತು ಅಂತ ಹೇಗೆ ತಿಳಿಯೋದು? ಒದ್ದೆ ಬಟ್ಟೆಯನ್ನು ಕಿಟಕಿಗೆ ಎದುರಾಗಿ ಹಿಡಿದು ಎರಡು ಕೈಯಲ್ಲಿ ಅಡ್ಡಕ್ಕೆ ಎಳೆಯಿರಿ. ಹೆಣಿಗೆಯ ಕುಣಿಕೆಗಳ ನಡುವೆ ಬೆಳಕಿನ ಚುಕ್ಕೆಗಳು ಕಂಡರೆ ಇನ್ನೂ ಬೇಕು. ಕುಣಿಕೆಗಳು ಮಸುಕಾಗಿ, ಎಳೆದರೂ ಬೆಳಕು ತೂರದಿದ್ದರೆ ಮುಗೀತು. ಆಮೇಲೆ ಬೇಡದ ಮೂಲೆಯಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಕಚ್ಚಿನ ಎರಡೂ ಬದಿ ಹಿಡಿದು ಜಗ್ಗಿ. ಅಂಚಿನಲ್ಲಿ ಸಣ್ಣ ರೋಮ ಎದ್ದರೆ ಪರವಾಗಿಲ್ಲ. ಕುಣಿಕೆ ಜಾರಿ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಮತ್ತೆ ನೀರಿಗೆ. ಸಾಕಾದ ಮೇಲೆ ಜೋರು ಸ್ಪಿನ್ ಬೇಡ, ಆಗ ಬಿದ್ದ ಮಡಿಕೆ ಹೋಗುವುದು ಕಷ್ಟ. ಟವೆಲ್ಲಿನ ಮೇಲೆ ಹರಡಿ, ಅಂಚುಗಳನ್ನು ಎಳೆದು ನೇರ ಮಾಡಿ, ನೆರಳಲ್ಲಿ ಒಣಗಿಸಿ.

ಈಗ ಪಟ್ಟಿ ಹೊರಗೆ ತೆಗೆಯಿರಿ.

ಹಸಿರು ಹೈನೆಕ್‌ನ ಕೆಳಗಿನ ರಿಬ್ ಅಂಚು (ಉದ್ದ ಗೆರೆಗೆರೆಯಾಗಿ, ಬಿಗಿಯಾಗಿ ಹೆಣೆದ ಪಟ್ಟಿ) ಗೆಳತಿಯ ಕೈಗವಸಿಗೆ ಹೇಳಿ ಮಾಡಿಸಿದ್ದು. ಕಾಗದದ ಮೇಲೆ ಅಂಗೈ ಇಟ್ಟು, ನಾಲ್ಕು ಬೆರಳು ಕೂಡಿಸಿ, ಹೆಬ್ಬೆರಳು ಸ್ವಲ್ಪ ದೂರ ಇರಿಸಿ ಗೆರೆ ಎಳೆಯಿರಿ. ಸುತ್ತ ಒಂದು ಬೆರಳು ಅಗಲ ಬಿಡಿ. ಗೆಳತಿಯ ಕೈ ನಿಮಗಿಂತ ದೊಡ್ಡದಾದರೆ ಇನ್ನೂ ಸ್ವಲ್ಪ. ಮಣಿಕಟ್ಟಿನ ಗೆರೆಯನ್ನು ಸ್ವೆಟರಿನ ಕೆಳಗಿನ ಅಂಚಿಗೆ ಸರಿಯಾಗಿ ಕೂರಿಸಿ. ಆಗ ರಿಬ್ಬೇ ಮಣಿಕಟ್ಟನ್ನು ಹಿಡಿಯುತ್ತದೆ, ಎಲಾಸ್ಟಿಕ್ ಬೇಕಿಲ್ಲ. ಮುಂದಿನ ಪದರ, ಹಿಂದಿನ ಪದರ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಒಂದು ಕೈ ಆಯಿತು. ಹೆಬ್ಬೆರಳ ಸಂದಿಗೆ ಎರಡು ಸಲ ಹೊಲಿಗೆ ಹಾಕಿ, ಹರಿಯುವುದು ಮೊದಲು ಅಲ್ಲೇ.

ಹಸಿರಿನ ತೋಳುಗಳು ಐದು ವರ್ಷದವಳ ಗೊಂಬೆಗೆ. ತೋಳು ಆಗಲೇ ಕೊಳವೆ, ಒಂದು ತುದಿ ಹೊಲಿದು ತುಂಬಿದರೆ ಅರ್ಧ ಗೊಂಬೆ. ತುಂಬಲು ಕತ್ತರಿಸಿ ಉಳಿದ ಚೂರುಗಳನ್ನೇ ಸಣ್ಣದಾಗಿ ಕೊಚ್ಚಿ ಹಾಕಿ. ದೊಡ್ಡ ಚೂರು ಹಾಕಿದರೆ ಗಂಟುಗಂಟಾಗಿ ಕಾಣುತ್ತದೆ. ಅಂಬೆಗಾಲಿನವನಿಗೆ ಮಫ್ಲರಿನಲ್ಲಿ ಒಂದು ಮೆತ್ತನೆ ಚೆಂಡು ಸಾಕು. ಆ ವಯಸ್ಸಿಗೆ ಮುಖ ಇರುವ ಗೊಂಬೆಗಿಂತ ಉರುಳುವುದೇ ಇಷ್ಟ. ಬಾಯಿಗೆ ಹಾಕುವುದಂತೂ ಖಂಡಿತ, ಆದ್ದರಿಂದ ಕೊಡುವ ಮೊದಲು ರೋಮ ಉದುರುತ್ತಾ ಅಂತ ಒದ್ದೆ ಕೈಯಲ್ಲಿ ಉಜ್ಜಿ ನೋಡಿ. ಉದುರಿದರೆ ಮೇಲೊಂದು ಹತ್ತಿ ಬಟ್ಟೆಯ ಕವರ್ ಹೊಲಿಯಿರಿ.

ಕಾರ್ಡಿಗನ್ ಅತ್ತೆಯದು. ಒಣಗಿದ ಮೇಲೆ ಆ ಟಾಕು ಬಿಚ್ಚಬೇಡಿ ಈಗಲೇ.

ಎಳೆಬಿಚ್ಚು:

ಸೂಜಿದಾರ ಮೇಡಂ, ಕಾರ್ಡಿಗನ್ನಿನ ಗುಂಡಿ ಪಟ್ಟಿಯನ್ನು ಕವರಿನ ಬಾಯಿ ಮಾಡುವ ಪ್ಲಾನಾ? ಹಾಗಾದರೆ ಸಲಾಂ. ಮೊಣಕೈ ತೂತಿರುವ ತೋಳುಗಳನ್ನು ಎಸೆಯಬೇಡಿ. ಮುಂದೋಳಿನ ಭಾಗ ಗಾಜಿನ ಬಾಟಲಿಗೆ ಕವಚ ಆಗುತ್ತೆ, ತಳಕ್ಕೆ ಒಂದು ದುಂಡು ತುಂಡು ಹೊಲಿದರಾಯಿತು.

ಗುಂಡಿಡಬ್ಬಿ:

ಕಾರ್ಡಿಗನ್ ಒಣಗಿದೆ! ಸಖತ್ ದಪ್ಪ ಆಗಿದೆ, ಕಚ್ಚು ಹಾಕಿ ಜಗ್ಗಿದೆ, ಏನೂ ಜಾರಲಿಲ್ಲ. ಅತ್ತೆಯ ಚೀಲ ಮಾಮೂಲಿ ರಬ್ಬರಿನದು, ಮೇಲೆ ಕುತ್ತಿಗೆ, ಬಿರಡೆ. ಅಳತೆ ಹೇಗೆ ತಗೊಳ್ಳಲಿ ಅಕ್ಕ? ನೀರು ತುಂಬಿ ಅಳೆಯಲೋ, ಖಾಲಿ ಇರುವಾಗಲೋ?

ಸೂಜಿದಾರ:

ತುಂಬಿ ಅಳೆಯಿರಿ. ಖಾಲಿ ಚೀಲ ಚಪ್ಪಟೆ ಇರುತ್ತದೆ, ಆ ಅಳತೆಗೆ ಹೊಲಿದರೆ ನೀರು ತುಂಬಿದಾಗ ಹೊಲಿಗೆ ಬಿರಿಯುತ್ತದೆ. ತಣ್ಣೀರನ್ನು ಮುಕ್ಕಾಲು ಭಾಗ ತುಂಬಿ, ಗಾಳಿ ಹೊರಗೆ ಒತ್ತಿ, ಬಿರಡೆ ಹಾಕಿ, ಕಾಗದದ ಮೇಲೆ ಮಲಗಿಸಿ ಗೆರೆ ಎಳೆಯಿರಿ. ಸುತ್ತ ಎರಡು ಬೆರಳು ಅಗಲ ಬಿಡಿ, ಅದರಲ್ಲಿ ಒಂದು ಹೊಲಿಗೆಗೆ, ಒಂದು ಉಬ್ಬಿಗೆ.

ಕಾರ್ಡಿಗನ್ನಿನ ಮುಂಭಾಗವನ್ನು ಹಾಗೇ ಗುಂಡಿ ಹಾಕಿದ ಸ್ಥಿತಿಯಲ್ಲಿ ಹರಡಿ, ಗುಂಡಿ ಪಟ್ಟಿ ಕಾಗದದ ಮಧ್ಯಕ್ಕೆ ಉದ್ದುದ್ದ ಬರುವಂತೆ ಇಟ್ಟು ಕತ್ತರಿಸಿ. ಅದು ಕವರಿನ ಹಿಂಬದಿ. ಕಾರ್ಡಿಗನ್ನಿನ ಬೆನ್ನಿನಿಂದ ಇನ್ನೊಂದು ತುಂಡು, ಅದು ಮುಂಬದಿ. ಮೈಗೆ ತಾಗುವುದು ಈ ನಯವಾದ ಮುಂಬದಿ, ಗುಂಡಿ ಚುಚ್ಚಬಾರದು. ಕತ್ತರಿಸುವಾಗ ಅಂಚಿನ ಹೊಲಿಗೆ ಒಂದು ಗುಂಡಿಯ ಮೇಲೇ ಬರುವಂತಿದ್ದರೆ ಆ ಗುಂಡಿಯನ್ನು ಬಿಚ್ಚಿ ಸ್ವಲ್ಪ ಮೇಲೆ ಹಚ್ಚಿ. ಕಾಜಾ ಕುಗ್ಗಿ ಬಿಗಿಯಾಗಿದ್ದರೆ ಸಣ್ಣಗೆ ಕತ್ತರಿಸಿ ಅಗಲ ಮಾಡಿ. ಫೆಲ್ಟ್ ಆದ್ದರಿಂದ ಸುತ್ತ ಹೊಲಿಯಲೇಬೇಕು ಅಂತೇನಿಲ್ಲ, ಹೊಲಿದರೆ ಅತ್ತೆ ಕಣ್ಣಿಗೆ ಅಚ್ಚುಕಟ್ಟು.

ಎರಡು ತುಂಡನ್ನೂ ಒಳಮಗ್ಗುಲು ಒಳಗೇ ಇರುವಂತೆ ಜೋಡಿಸಿ, ಹೊರಗಿನಿಂದಲೇ ಬ್ಲ್ಯಾಂಕೆಟ್ ಸ್ಟಿಚ್ (ಕಂಬಳಿಯ ಅಂಚಿಗೆ ಹಾಕುವ, ಅಂಚನ್ನು ಸುತ್ತಿ ಹಿಡಿಯುವ ಕೈಹೊಲಿಗೆ) ಹಾಕಿ. ಈ ದಪ್ಪಕ್ಕೆ ತಿರುಗಿಸಿ ಹೊಲಿದರೆ ಮೂಲೆಗಳು ಗುಡ್ಡ ಕಟ್ಟುತ್ತವೆ. ದಪ್ಪ ಕಣ್ಣಿನ, ಮೊನೆ ಇರುವ ಸೂಜಿ ತಗೊಳ್ಳಿ. ದಾರಕ್ಕೆ ಅಮ್ಮನ ಕೆಂಪು ನೂಲನ್ನೇ ಬಳಸಬಹುದು, ಬೂದಿನ ಮೇಲೆ ಚೆನ್ನಾಗಿ ಕಾಣುತ್ತದೆ. ಕುತ್ತಿಗೆಯ ತುದಿ ಮಾತ್ರ ಹೊಲಿಯದೆ ಬಿಡಿ, ಬಿರಡೆ ಪೂರ್ತಿ ಹೊರಗೆ ಇರಬೇಕು. ಗುಂಡಿ ಪಟ್ಟಿಯ ಟಾಕನ್ನು ಎಲ್ಲ ಆದ ಮೇಲೆ ಬಿಚ್ಚಿ.

ಕವರ್ ಸುಲಭವಾಗಿ ಬಿಚ್ಚಲು ಬರುತ್ತಾ ಅಂತ ಖಾಲಿ ಚೀಲ ಹಾಕಿ, ತೆಗೆದು ನೋಡಿ. ರಬ್ಬರು ಹಳೇದಾದರೆ ಬಿರುಕು ಬಿಡುತ್ತದೆ, ಕವರ್ ಬಿಗಿಯಾಗಿದ್ದರೆ ಅತ್ತೆ ಅದನ್ನು ತೆಗೆದು ನೋಡಲ್ಲ. ಚೀಲ ತುಂಬಾ ವರ್ಷದ್ದಾದರೆ ಉಡುಗೊರೆ ಜೊತೆ ಹೊಸ ಚೀಲವನ್ನೂ ಇಟ್ಟುಬಿಡಿ. ಹಾಗೆ ಮಾಡುವುದಾದರೆ ಅಳತೆಯನ್ನು ಹೊಸದರಿಂದಲೇ ತಗೊಳ್ಳಿ, ಎಲ್ಲ ಕಂಪನಿಯದೂ ಒಂದೇ ಸೈಜ್ ಇರಲ್ಲ. ಕುದಿಯುವ ನೀರು ತುಂಬಬೇಡಿ ಅಂತ ಒಂದು ಚೀಟಿಯನ್ನೂ ಸೇರಿಸಿ.